ಹಲ್ಲು ಹೋತು, ಪಟ್ಟಿ ಎಲ್ಲಿ?

ಶಿರಸಿ ಸೀಮೆಯ ವಾನಳ್ಳಿ ಬದಿಯ ನಮ್ಮ ಭಾವನ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರೊಳಗೆ ಅವನ ಅಜ್ಜನ ಕಾಲದಿಂದ ಇವತ್ತಿನವರೆಗಿನ ಅಡಿಕೆ ಪಟ್ಟಿಗಳಿವೆ. ಯಾವ ವರ್ಷ ಎಷ್ಟು ಚಾಲಿ, ಎಷ್ಟು ರಾಶಿ, ಬಿಳೆಗೋಟು ಯಾವ ದರಕ್ಕೆ ಹೋಯಿತು, ಹಸಿ ಇದೆ ಎಂದು ವಕಾರಿಯವರು ಎಷ್ಟು ಮುರಿದುಕೊಂಡರು ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ಚೀಟಿ ತೆಗೆದು ಎದುರಿಗಿಡುತ್ತಾನೆ. ಪಕ್ಕದಲ್ಲೇ ಕೆಂಪು ವಸ್ತ್ರದಲ್ಲಿ ಕಟ್ಟಿದ ಇನ್ನೊಂದು ಗಂಟು. ಅದು ಬೆಟ್ಟದ ಗಡಿಯ ವ್ಯಾಜ್ಯ. ಅಗಳ ಮೂರು ಮೊಳ ಈಚೆ ಬಂತೆಂದು ಅವನ ಅಪ್ಪ ಹೂಡಿದ ದಾವೆ. ಅಪ್ಪ ಹೋದರು, ಎದುರು ಪಾರ್ಟಿ ಹೋದರು, ಇಬ್ಬರ ವಕೀಲರೂ ಹೋದರು, ಅಗಳ ಮಳೆಗೆ ಕುಸಿದು ಮುಚ್ಚಿಯೇ ಹೋಯಿತು. ದಾವೆ ಮಾತ್ರ ದೀರ್ಘಾಯುಷಿ.

ಇಂಥ ಭಾವ ಕಳೆದ ಮಾರಿಕಾಂಬಾ ಜಾತ್ರೆಗೆ ಹದಿನೈದು ದಿನ ಮುಂಚೆ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದ. ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರಂತೆ. ಅದನ್ನು ಕವಳದ ಸಂಚಿಯಲ್ಲಿಟ್ಟು ಜೋಪಾನವಾಗಿ ತಂದ. ಕಾಗದ ಮಾತ್ರ ಒಂದು ಚೂರೂ ತರಲಿಲ್ಲ.

ರಾತ್ರಿ ಅರಿವಳಿಕೆ ಇಳಿದ ಮೇಲೆ ನೋಡುತ್ತಾನೆ, ಹಲ್ಲು ಹೋಗಿದೆ, ನೋವು ಇದೆ. ನೋಯುತ್ತಿದ್ದ ಹಲ್ಲು ಬಾಯಲ್ಲೇ ಕೂತಿತ್ತು. ಅದರ ಪಕ್ಕದ ನಿರಪರಾಧಿ ಸಂಚಿಯಲ್ಲಿ ಮಲಗಿತ್ತು. ಮರುದಿನ ಹೋಗಿ ತೋರಿಸಿದ. ವೈದ್ಯರು ದೀಪ ಹಿಡಿದು ನೋಡಿ, 'ಪಕ್ಕದ್ದೂ ಹಾಳಾಗಿದೆಯಲ್ಲ, ಅದನ್ನೂ ತೆಗೆದುಬಿಡೋಣ' ಎಂದರು. ತೆಗೆದರು. ಅದಕ್ಕೂ ದುಡ್ಡು ತೆಗೆದುಕೊಂಡರು. ಭಾವ 'ಉಪಕಾರ ಆತು' ಎಂದು ಹೇಳಿ ಬಂದ.

ಹಲ್ಲಿಗೂ ಸರ್ವೆ ನಂಬರು ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಜಗತ್ತಿನ ಬಹುಪಾಲು ದಂತವೈದ್ಯರು ಬಾಯಿಯನ್ನು ನಾಲ್ಕು ಹೋಬಳಿಗಳಾಗಿ ಪಾಲು ಮಾಡಿದ್ದಾರೆ. ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಪ್ರತಿ ಹೋಬಳಿಯಲ್ಲಿ ನಡುವಿನಿಂದ ಹಿಂದಕ್ಕೆ ಎಂಟು ಹಿಸ್ಸೆ. ಕೆಳಗಿನ ಬಲಬದಿಯ ಮೊದಲ ದವಡೆ ಹಲ್ಲು 46, ಅದರ ಹಿಂದಿನದು 47. ನೋವಿದ್ದದ್ದು 46ರಲ್ಲಿ, ಕಿತ್ತದ್ದು 47. ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅಳತೆ ತಪ್ಪಿ ಪಕ್ಕದ ಮಾಲ್ಕಿಗೆ ನುಗ್ಗಿದ್ದು. ಬೆಟ್ಟದಲ್ಲಿ ಮೂರು ಮೊಳಕ್ಕೆ ಎರಡು ತಲೆಮಾರು ಕೋರ್ಟು ಕಟ್ಟೆ ಹತ್ತಿದ ಮನೆತನ, ಬಾಯೊಳಗೆ ಇಡೀ ಒಂದು ಹಿಸ್ಸೆ ಹೋದರೂ ತಂಟೆ ತಕರಾರಿಲ್ಲದೆ ಬಿಟ್ಟುಕೊಟ್ಟಿತು.

ಮೂರು ದಿನ ಭಾವನ ಕೆನ್ನೆ ಊದಿತ್ತು. ಊರಿನಲ್ಲಿ ಒಬ್ಬರೂ 'ಎಂತಾತು' ಎಂದು ಕೇಳಲಿಲ್ಲ. ಕವಳ ಹಾಕಿಕೊಂಡಿದ್ದಾನೆ ಎಂದುಕೊಂಡರು. 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನಟಿ ಸ್ವಾತಿ ಸತೀಶ್ ಅವರಿಗೆ ರೂಟ್ ಕೆನಾಲ್ ಆದ ಮೇಲೆ ಮುಖ ಊದಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಆ ಫೋಟೊ ಹಾಕಿದವು. ನಮ್ಮ ಕಡೆಯವರಿಗೆ ಆ ಅನುಕೂಲವೂ ಇಲ್ಲ. ಮುಖ ಎಷ್ಟು ಊದಿದರೂ ಯಶಸ್ಸು ಅಡಿಕೆಗೇ ಹೋಗುತ್ತದೆ.

ಸೊಸೈಟಿಯ ಜಗಲಿಯಲ್ಲಿ ಚಾ ಕುಡಿಯುತ್ತ ನಾನು ಬಾಯಿ ತಪ್ಪಿ 'ಗ್ರಾಹಕರ ಆಯೋಗಕ್ಕೆ ಒಂದು ದೂರು ಕೊಡು ಭಾವಾ' ಎಂದೆ. ಜಗಲಿ ಸ್ತಬ್ಧವಾಯಿತು. ಮನೆ ಪಾಲಾಗಬೇಕು ಎಂದರೂ ಇಷ್ಟು ಗಾಬರಿ ಆಗುತ್ತಿರಲಿಲ್ಲ.

'ಡಾಕ್ಟ್ರ ಮೇಲೆ ಕೇಸಾ? ನಾಳೆ ರಾತ್ರಿ ಹಲ್ಲು ನೋವು ಬಂದ್ರೆ ಎಲ್ಲಿಗೆ ಹೋಪದು?'

'ಪಾಪ, ಒಳ್ಳೆ ಜನ ಅವು. ಮೊನ್ನೆ ಆಟದಲ್ಲಿ ಎನ್ನ ಪಕ್ಕವೇ ಕೂತಿದ್ದಿದ್ರು.'

'ಹಲ್ಲು ಹೆಂಗೂ ಹೋಪದೇ. ಎರಡು ವರ್ಷ ಮುಂಚೆ ಹೋತು, ಅಷ್ಟೇಯ.'

ಮೂರನೆಯ ಮಾತು ಹೇಳಿದವರು ಅದೇ ಜಗಲಿಯಲ್ಲಿ ಒಂದು ವಾರದ ಹಿಂದೆ ಚಾಲಿ ದರ ಕ್ವಿಂಟಲಿಗೆ ಇನ್ನೂರು ರೂಪಾಯಿ ಇಳಿದದ್ದಕ್ಕೆ ಕೇಂದ್ರ ಸರ್ಕಾರ ರಾಜೀನಾಮೆ ಕೊಡಬೇಕೆಂದು ಪಟ್ಟು ಹಿಡಿದಿದ್ದವರು.

ಭಾವ ಆಗಲೇ ತೀರ್ಪು ಕೊಟ್ಟುಕೊಂಡಿದ್ದ: 'ತಮಾ, ಡಾಕ್ಟ್ರ ಮೇಲೆ ಕೇಸ್ ನಿಲ್ತಿಲ್ಲೆ.'

ನಿಲ್ಲುತ್ತದೆ. 1995ರ ನವೆಂಬರ್ 13ರಿಂದ ಕಾಲೂರಿ ನಿಂತಿದೆ. ಆ ದಿನ ಸುಪ್ರೀಂ ಕೋರ್ಟು ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ, ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗಿನ 'ಸೇವೆ'ಯೇ ಎಂದು ಹೇಳಿತು. ವೈದ್ಯರು ನಾವು ವ್ಯಾಪಾರಿಗಳಲ್ಲ ಎಂದು ಬೇಸರಿಸಿಕೊಂಡರು. ಮುಂದೆ 2019ರ ಹೊಸ ಕಾಯ್ದೆ ಬರುವಾಗ ಮಸೂದೆಯಲ್ಲಿದ್ದ 'ಆರೋಗ್ಯ ಸೇವೆ' ಎಂಬ ಮಾತು ಕಡೆಗೆ ಮಾಯವಾಯಿತು. ಆಹಾ, ನಾವು ಪಾರಾದೆವು ಎಂದು ಕೆಲವರು ಬಾಂಬೆ ಹೈಕೋರ್ಟಿಗೆ ಹೋದರು. 2021ರಲ್ಲಿ ಅಲ್ಲಿ ಸೋತರು. 2022ರಲ್ಲಿ ಸುಪ್ರೀಂ ಕೋರ್ಟೂ ಅವರನ್ನು ವಾಪಸ್ ಕಳಿಸಿತು. ಹೆಸರು ತೆಗೆದರೂ ಋಣ ತೀರಲಿಲ್ಲ. ಪಹಣಿಯಿಂದ ಹೆಸರು ತೆಗೆಸಿದ ಮಾತ್ರಕ್ಕೆ ತಮ್ಮನ ಪಾಲು ತಪ್ಪುವುದಿಲ್ಲವಲ್ಲ, ಹಾಗೆ.

ಹಾಗಾದರೆ ಬಾಗಿಲು ಎಷ್ಟು? ಎಣಿಸಿದರೆ ಐದು. ನಮ್ಮ ಹಳೆಯ ಮನೆಗಳಂತೆಯೇ ಬಾಗಿಲು ಬೇಕಾದಷ್ಟು ಇವೆ. ಎಲ್ಲದರಲ್ಲೂ ತಲೆ ಬಗ್ಗಿಸಿಯೇ ಹೋಗಬೇಕು.

ಮೊದಲನೆಯದು ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. ಚಿಕಿತ್ಸೆಗೆ ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಇಲ್ಲಿಯೇ ದೂರು. ಹಲ್ಲಿಗೆ ಅಷ್ಟು ಸುರಿದವರು ವಾನಳ್ಳಿಯಲ್ಲಿ ಸದ್ಯಕ್ಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ಕ್ಲಿನಿಕ್ಕು ಹುಬ್ಬಳ್ಳಿಯಲ್ಲಿದ್ದರೂ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಹೂಡಬಹುದು. 2019ರ ಕಾಯ್ದೆ ಕೊಟ್ಟ ದೊಡ್ಡ ಸವಲತ್ತು ಇದು. ಪರೀಕ್ಷೆ, ಪ್ರಯೋಗಾಲಯ ಬೇಡದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. 'ಯತ್ನಿಸಬೇಕು' ಎಂಬುದನ್ನು ನಮ್ಮಲ್ಲಿ ಮದುವೆ ಕರೆಯಕ್ಕೆ ಕೊಡುವ 'ಬಪ್ಪಲೆ ನೋಡ್ತಿ' ಎಂಬ ಉತ್ತರದ ಅರ್ಥದಲ್ಲೇ ತೆಗೆದುಕೊಳ್ಳತಕ್ಕದ್ದು.

ಕಾರವಾರ ಎಂದರೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಆಚೆ. ದೇವಿಮನೆ ಘಟ್ಟದ ರಸ್ತೆಯೋ, ಅಗಲವಾಗುವ ಯತ್ನದಲ್ಲಿಯೇ ವರ್ಷಗಳನ್ನು ಕಳೆದಿದೆ. ಆ ಹೊಂಡಗಳಲ್ಲಿ ಕುಲುಕಿಕೊಂಡು ಹೋದರೆ ಉಳಿದ ಹಲ್ಲುಗಳ ಮೇಲೂ ದೂರು ಕೊಡಬೇಕಾದೀತು. ಅದಕ್ಕೂ ಪರಿಹಾರ ಇದೆ. ದೂರನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಹಾಕಬಹುದು, ವಿಡಿಯೊ ಮೂಲಕ ವಿಚಾರಣೆಗೂ ಕಾಯ್ದೆಯಲ್ಲಿ ಅವಕಾಶವಿದೆ. ಒಟಿಪಿ ಬರಬೇಕಾದರೆ ಮಾತ್ರ ಮನೆ ಹಿಂದಿನ ಗುಡ್ಡ ಹತ್ತಬೇಕು. ಕೊರೊನಾ ಕಾಲದಲ್ಲಿ ಮಕ್ಕಳು ಕ್ಲಾಸು ಕೇಳಿದ ಅದೇ ಗುಡ್ಡ. ನ್ಯಾಯದೇವತೆಗೆ ಕಣ್ಣು ಕಟ್ಟಿದ್ದಾರೆ ಎಂದು ಗೊತ್ತಿತ್ತು. ನಮ್ಮ ಕಡೆ ಬಂದಾಗ ಅವಳಿಗೆ ಸಿಗ್ನಲ್ಲೂ ಇರುವುದಿಲ್ಲ.

ಎರಡನೆಯ ಬಾಗಿಲು ಬೆಂಗಳೂರಿನ ರಾಜ್ಯ ದಂತ ಪರಿಷತ್ತು. 1948ರ ದಂತವೈದ್ಯರ ಕಾಯ್ದೆಯ ಕೂಸು. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡಬಹುದು, ನೋಂದಣಿ ಪುಸ್ತಕದಿಂದ ಹೆಸರು ತೆಗೆಯಬಹುದು. ನಿಮಗೆ ಬಿಡಿಗಾಸೂ ಬರುವುದಿಲ್ಲ, ತೃಪ್ತಿ ಬರಬಹುದು. ಆ ಕಾಯ್ದೆಯ ಒಂದು ಮೂಲೆಯಲ್ಲಿ ಸ್ವಾರಸ್ಯವಿದೆ. ಅದು ದಂತವೈದ್ಯರ ಪಟ್ಟಿಯನ್ನು ಎ, ಬಿ ಎಂದು ಎರಡು ಭಾಗ ಮಾಡಿತ್ತು. ಎ ಭಾಗದಲ್ಲಿ ಓದಿ ಪದವಿ ಪಡೆದವರು. ಬಿ ಭಾಗದಲ್ಲಿ ಪದವಿ ಇಲ್ಲದಿದ್ದರೂ ಅಷ್ಟರೊಳಗೆ ಐದು ವರ್ಷವಾದರೂ ಹಲ್ಲಿನ ಕೆಲಸವೇ ಕಸುಬಾಗಿದ್ದವರು. ಸ್ವತಂತ್ರ ಭಾರತ ಅವರಿಗೆ ಬಗರ್‌ಹುಕುಂ ಸಕ್ರಮ ಮಾಡಿಕೊಟ್ಟಿತು ಎನ್ನಿ. ಆ ಸಕ್ರಮದ ಬಾಗಿಲು ಎಂದೋ ಮುಚ್ಚಿದೆ. ಈಗ ನೋಂದಣಿ ಇಲ್ಲದೆ ಹಲ್ಲಿಗೆ ಕೈ ಹಾಕುವುದು ಅಪರಾಧ. ಆದರೂ ನೋಂದಣಿ ಸಂಖ್ಯೆ ಕೇಳಿ ಬಾಯಿ ತೆರೆದವರನ್ನು ನಾನಂತೂ ಕಂಡಿಲ್ಲ. ಆಕಳು ಕೊಳ್ಳುವಾಗ ಹಲ್ಲು ಎಣಿಸಿ ವಯಸ್ಸು ಹೇಳುವ ನಾವು, ನಮ್ಮ ಹಲ್ಲು ಎಣಿಸುವವರ ಓದು ಎಷ್ಟೆಂದು ಕೇಳುವುದಿಲ್ಲ.

ಮೂರನೆಯದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯದು. ಕ್ಲಿನಿಕ್ಕು ನೋಂದಣಿಯಾಗಿರಬೇಕು, ಪ್ರಮಾಣಪತ್ರ ಕಾಣುವಂತೆ ತೂಗುಹಾಕಿರಬೇಕು, ದರ ಪಟ್ಟಿ ಇರಬೇಕು. 2017ರಲ್ಲಿ ಈ ಕಾಯ್ದೆಗೆ ಹೊಸ ಹಲ್ಲು ಕೂರಿಸಲು ಸರ್ಕಾರ ಹೊರಟಿತು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ರೋಗಿಗಳು ಬಾಗಿಲು ಮುಚ್ಚಿದ ಆಸ್ಪತ್ರೆಗಳ ಎದುರು ನಿಂತರು. ಮಸೂದೆ ಅಂಗೀಕಾರವಾಗುವಾಗ ಮುಂದಿನ ಒಂದೆರಡು ಕೋರೆಹಲ್ಲುಗಳನ್ನು ಕಿತ್ತಿದ್ದರು. ಚಿಕಿತ್ಸೆ ಸರಿಯೋ ತಪ್ಪೋ ಎಂಬುದು ವೃತ್ತಿ ಪರಿಷತ್ತಿನ ಪಾಲಿಗೆ ಉಳಿಯಿತು. ರೋಗಿಯ ಹಕ್ಕು, ದರ, ದಾಖಲೆಗಳ ತಕರಾರಿಗೆ ಈ ಪ್ರಾಧಿಕಾರ. ಕಿತ್ತವರು ಪರಿಣತರು, ತಪ್ಪು ಹಲ್ಲು ಕಿತ್ತರೆಂದು ಯಾರೂ ಹೇಳುವಂತಿಲ್ಲ.

ನಾಲ್ಕನೆಯದು ಸಿವಿಲ್ ಕೋರ್ಟು. ಭಾವನಿಗೆ ಅದರ ಮೆಟ್ಟಿಲು ಎಷ್ಟೆಂದು ಬಾಯಿಪಾಠ. ಕೇಳಿದಷ್ಟು ಪರಿಹಾರಕ್ಕೆ ತಕ್ಕಷ್ಟು ಕೋರ್ಟು ಶುಲ್ಕ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಹುಟ್ಟಿದ್ದು ಅಲ್ಲಿಯೇ. ಒಂದು ಸಮಾಧಾನ: ಶಿರಸಿಯ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವೆಗಳ ಸಮಿತಿ ಇದೆ. ಅರ್ಹರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಾದರೆ ಆದಾಯ ಎಷ್ಟೆಂದೂ ಕೇಳುವುದಿಲ್ಲ.

ಐದನೆಯದು ಪೊಲೀಸ್ ಸ್ಟೇಷನ್ನು. ಸಿಟ್ಟು ಬಂದವರು ಮೊದಲು ಓಡುವುದು ಇಲ್ಲಿಗೆ. ಸುಮ್ಮನೆ ಓಡಿ ಪ್ರಯೋಜನವಿಲ್ಲ. 2005ರ ಆಗಸ್ಟಿನಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದಿದೆ. ವೈದ್ಯರನ್ನು ಕ್ರಿಮಿನಲ್ ಕಟಕಟೆಗೆ ಹತ್ತಿಸಬೇಕಾದರೆ ಮಾಮೂಲಿ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು. ತನಿಖಾಧಿಕಾರಿ ಮೊದಲು ಅದೇ ವಿದ್ಯೆ ಬಲ್ಲ, ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕು. ದೂರು ಬಂತೆಂದು ಕೂಡಲೇ ಬಂಧಿಸುವಂತಿಲ್ಲ. ಇದು ನ್ಯಾಯವೇ. ಹಲ್ಲು ನೋವಾದ ಪ್ರತಿಯೊಬ್ಬರೂ ವೈದ್ಯರನ್ನು ಜೈಲಿಗೆ ಕಳಿಸುವಂತಾದರೆ ಉಳಿದವರು ನೋವಿಗೆ ಲವಂಗ ಕಚ್ಚಿಕೊಂಡೇ ಕೂರಬೇಕಾಗುತ್ತದೆ.

ಈ ಐದರಲ್ಲಿ ಮೊದಲನೆಯದಕ್ಕೆ ಬೇಡದವರು ಒಂದು ಗುಂಪು ಇದ್ದಾರೆ. ಎಲ್ಲರಿಗೂ ಪೂರ್ತಿ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಹೋದವರು. ಬಡ ವೃದ್ಧರಿಗೆ ಹಲ್ಲಿನ ಸೆಟ್ಟು ಕೊಡುವ 'ದಂತ ಭಾಗ್ಯ' ನಮ್ಮ ರಾಜ್ಯದ್ದೇ. ಆದರೆ ಶಾಂತಾ ಪ್ರಕರಣದ ತೀರ್ಪಿನ ಪ್ರಕಾರ, ಯಾರಿಂದಲೂ ಹಣ ಪಡೆಯದ ಕಡೆ ರೋಗಿ ಗ್ರಾಹಕನೇ ಅಲ್ಲ. ಚೀಟಿಗೆ ಕೊಟ್ಟ ಚಿಲ್ಲರೆ ಲೆಕ್ಕಕ್ಕಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಪುಕ್ಕಟೆ ಕೊಡುವ ಕಡೆ ಮಾತ್ರ ಪುಕ್ಕಟೆಯವರೂ ಗ್ರಾಹಕರು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಿದ್ದರು ಹಿರಿಯರು. ದಾನಕ್ಕೆ ಸಿಕ್ಕಿದ್ದು ಹಲ್ಲೇ ಆದಾಗ ಏನು ಎಣಿಸಬೇಕೆಂದು ಅವರು ಹೇಳಿ ಹೋಗಲಿಲ್ಲ.

ಭಾವ ಪುಕ್ಕಟೆ ಗಿರಾಕಿ ಅಲ್ಲ. ಎರಡು ಸಲ ಎಣಿಸಿ ಕೊಟ್ಟಿದ್ದಾನೆ. ಕೊಟ್ಟದ್ದಕ್ಕೆ ಗುರುತು? ಎರಡನೆಯ ದಿನ ಕೌಂಟರಿನಲ್ಲಿ ರಸೀದಿ ಬೇಕಾ ಎಂದು ಕೇಳಿದ್ದರಂತೆ. 'ಬಿಲ್ ಮಾಡಿದರೆ ಜಿಎಸ್‌ಟಿ ಬೀಳ್ತದೆ' ಎಂದೂ ಅಂದರಂತೆ. ಭಾವ ಎರಡು ಕೈ ಅಲ್ಲಾಡಿಸಿದ. ರೋಗಕ್ಕೆ ಕೊಡುವ ಚಿಕಿತ್ಸೆಗೆ ಜಿಎಸ್‌ಟಿಯೇ ಇಲ್ಲ, ಬರೀ ಚಂದಕ್ಕೆ ಮಾಡಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಇದೆ ಎಂದು ಅವನಿಗೆ ಹೇಳುವವರಿರಲಿಲ್ಲ. ದವಡೆಯ ಹಿಂದಿನ ಹಲ್ಲು ಕೀಳಿಸಿ ಚಂದ ಆದವರು ಈ ಸೀಮೆಯಲ್ಲಿ ಯಾರೂ ಇಲ್ಲ.

ಪಟ್ಟಿ ಇಲ್ಲದ ಅಡಿಕೆ ಕಳ್ಳ ಅಡಿಕೆ ಎನ್ನುವ ಭಾವನಿಗೆ ಪಟ್ಟಿ ಇಲ್ಲದ ಹಲ್ಲು ಕಳುವಾದ ಹಲ್ಲು ಎಂದು ಹೊಳೆಯಲೇ ಇಲ್ಲ. ರಸೀದಿ ಇಲ್ಲ. ಎಕ್ಸರೇ ತೆಗೆದರು, ಕೈಗೆ ಕೊಡಲಿಲ್ಲ, ಇವನು ಕೇಳಲೂ ಇಲ್ಲ. ಯಾವ ನಂಬರಿನ ಹಲ್ಲು ಎಂದು ಬರೆದ ಚೀಟಿ ಇಲ್ಲ. ಔಷಧದ ಅಂಗಡಿಯವರು ಮಾತ್ರೆಯ ಹೆಸರು ಬರೆದ ಕಾಗದವನ್ನೂ ಇಟ್ಟುಕೊಂಡು ಕಳಿಸಿದ್ದರು. ಒಪ್ಪಿಗೆ ಪತ್ರಕ್ಕೆ ಮಾತ್ರ ಸಹಿ ಹಾಕಿದ್ದಾನೆ, ಓದದೆ. ಬೆಟ್ಟದ ದಾವೆಯಲ್ಲಿ ವಕೀಲರು ಬರೆದ ಅರ್ಜಿಯಲ್ಲಿ ಒಂದು ಅಲ್ಪವಿರಾಮ ಹೆಚ್ಚಾಯಿತೆಂದು ತಿದ್ದಿಸಿದವನು ಇವನೇ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು ಎಂದು ರೋಗಿಗೆ ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದಿದೆ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ ಎಂದೂ ಹೇಳಿದೆ. ಅಂದರೆ 46ಕ್ಕೆ ಕೊಟ್ಟ ಒಪ್ಪಿಗೆಯಲ್ಲಿ 47 ಕೀಳುವಂತಿಲ್ಲ. ಆದರೆ ಭಾವನ ಸಹಿಯ ಮೇಲೆ ಯಾವ ನಂಬರು ಬರೆದಿತ್ತೋ, ಬಿಳಿ ಜಾಗ ಬಿಟ್ಟಿತ್ತೋ, ಅದು ಆ ಕ್ಲಿನಿಕ್ಕಿನ ಕಪಾಟಿಗೆ ಗೊತ್ತು.

ಇನ್ನು ಪರಿಣತರ ಅಭಿಪ್ರಾಯ. ಇನ್ನೊಬ್ಬ ದಂತವೈದ್ಯರ ಹತ್ತಿರ ತೋರಿಸಿದ. ಬಾಯೊಳಗೆ ಕನ್ನಡಿ ಇಟ್ಟು ನೋಡಿ ಅವರು 'ಛೆ ಛೆ ಛೆ' ಎಂದರು. ಆ ಛೆಯನ್ನು ಕಾಗದದ ಮೇಲೆ ಬರೆದುಕೊಡಿ ಎಂದಾಗ ಕನ್ನಡಿ ತೆಗೆದರು. ಸಣ್ಣ ಪೇಟೆಯಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಬರೆದುಕೊಡುವುದು, ಯಕ್ಷಗಾನ ಮೇಳದ ಭಾಗವತರು ಇನ್ನೊಂದು ಮೇಳದ ಭಾಗವತರ ತಾಳ ತಪ್ಪಿತೆಂದು ಸಭೆಯಲ್ಲಿ ಹೇಳಿದ ಹಾಗೆ. ಹೇಳುವುದಿಲ್ಲ. ಚೌಕಿಯಲ್ಲಿ ನಗುತ್ತಾರೆ ಅಷ್ಟೆ. ಇದಕ್ಕೂ ಕಾನೂನು ದಾರಿ ಮಾಡಿಟ್ಟಿದೆ. 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗ್ರಾಹಕರ ಆಯೋಗದಲ್ಲಿ ಪ್ರತಿ ದೂರಿಗೂ ಪರಿಣತರ ಸಾಕ್ಷ್ಯ ಬೇಕಿಲ್ಲ ಎಂದಿತು. ಎದ್ದು ಕಾಣುವ ತಪ್ಪಾದರೆ ಸಂಗತಿ ತಾನೇ ಮಾತಾಡುತ್ತದೆ. ತಪ್ಪು ಹಲ್ಲು ಕೀಳುವುದಕ್ಕಿಂತ ಎದ್ದು ಕಾಣುವುದು ಬಾಯಲ್ಲಿ ಇನ್ನೇನಿದೆ? ಸಂಗತಿ ಮಾತಾಡಲು ಸಿದ್ಧವಿದೆ. ಭಾವ ಮಾತಾಡುತ್ತಿಲ್ಲ.

ವೈದ್ಯರ ಪರವಾಗಿಯೂ ಎರಡು ಮಾತು ಆಡದಿದ್ದರೆ ನನ್ನ ಹಲ್ಲು ನಾಳೆ ಯಾರು ನೋಡಬೇಕು? ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯವಲ್ಲ. ರೂಟ್ ಕೆನಾಲ್ ಮಾಡುವಾಗ ಕೂದಲೆಳೆಯಂಥ ಸೂಜಿ ಬೇರಿನೊಳಗೆ ಮುರಿಯುವುದು ಜಾಗ್ರತೆ ಇದ್ದವರ ಕೈಯಲ್ಲೂ ಆಗುತ್ತದೆ. ಮುರಿದದ್ದನ್ನು ರೋಗಿಗೆ ಹೇಳದೆ ಮೇಲೆ ಸಿಮೆಂಟು ಮೆತ್ತಿ ಕಳಿಸಿದರೆ ಅದು ಬೇರೆ ಮಾತು. ಮತ್ತೆ ನಮ್ಮ ಬಾಯಿಯೂ ಏನು ಗಂಗೋತ್ರಿಯಲ್ಲ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಬರೆದಿಟ್ಟಿದೆ. ದಿನಕ್ಕೆ ಇಪ್ಪತ್ತು ಕವಳ ಜಗಿದು, ದವಡೆ ಎರಡು ಬೆರಳು ತೆರೆಯಲಾರದಷ್ಟು ಬಿಗಿದ ಮೇಲೆ, ವೈದ್ಯರು ಸರಿಯಾಗಿ ನೋಡಲಿಲ್ಲ ಎಂದರೆ ಅವರು ಎಲ್ಲಿಂದ ನೋಡಬೇಕು? ಎದುರು ಪಾರ್ಟಿಯ ಮೊದಲ ಪ್ರಶ್ನೆ 'ಕವಳ ಹಾಕುತ್ತಿದ್ದಿರಾ' ಎಂಬುದೇ. ಸುಳ್ಳು ಹೇಳುವಂತಿಲ್ಲ, ಹಲ್ಲೇ ಕೆಂಪಗೆ ಸಾಕ್ಷಿ ಹೇಳುತ್ತದೆ.

ಹಲ್ಲು ತಾನೇ, ಹೋದರೆ ಹೋಯಿತು ಎನ್ನುವ ಜಗಲಿಗೆ ಒಂದೇ ಒಂದು ಸುದ್ದಿ ಹೇಳಬೇಕೆನಿಸುತ್ತದೆ. ತಮಿಳುನಾಡಿನ ವಾಣಿಯಂಬಾಡಿಯ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದವರಲ್ಲಿ ಎಂಟು ಮಂದಿ 2023ರ ಸುಮಾರಿಗೆ ಮೆದುಳಿಗೆ ಸೋಂಕು ತಗುಲಿ ಸತ್ತರು. ವೆಲ್ಲೂರಿನ ವೈದ್ಯರು, ಐಸಿಎಂಆರ್ ಸಂಶೋಧಕರು ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಸಲೈನ್ ಬಾಟಲಿ. ಒಸಡು ಬಿಡಿಸುವ ಉಪಕರಣದಿಂದಲೇ ಅದರ ಮುಚ್ಚಳ ಬಿಚ್ಚಿ, ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಮತ್ತೆ ಬಳಸುತ್ತಿದ್ದರು. 2025ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಆ ವರದಿ ಬಂತು. ರೋಗಾಣು ಎಲ್ಲೋ ದೂರದ್ದಲ್ಲ, ಮಣ್ಣು ನೀರಿನಲ್ಲಿ ಇರುವಂಥದ್ದು, ನಮ್ಮ ಕರಾವಳಿಯಲ್ಲೂ ಇದೆ. ಒಂದು ಬಾಟಲಿಯ ಮುಚ್ಚಳ ತೆಗೆಯುವ ರೀತಿಯಲ್ಲಿ ಎಂಟು ಜೀವ ಇತ್ತು. 'ಈ ಉಪಕರಣ ಕುದಿಸಿದ್ದಾ' ಎಂದು ಕೇಳುವುದು ಅವಮರ್ಯಾದೆ ಎಂದು ನಾವು ಸುಮ್ಮನೆ ಬಾಯಿ ತೆರೆಯುತ್ತೇವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎಂಬ ಗಾದೆ ಆ ಕುರ್ಚಿಯ ಮೇಲೆ ಮಾತ್ರ ಕೆಲಸ ಮಾಡುವುದಿಲ್ಲ. ಅಲ್ಲಿ ಬಾಯಿ ತೆರೆದಷ್ಟೂ ಮಾತು ಬಂದ್.

ಕಳೆದ ವಾರ ಭಾವನ ಮನೆಗೆ ಹೋಗಿದ್ದೆ. ಕವಳದ ಬಟ್ಟಲು ಮುಂದಿಟ್ಟು ಕೂತಿದ್ದ. ಉಳಿದ ಹಲ್ಲುಗಳಿಗೆ ಬಿಡುವು ಕೊಡಲೆಂದು ಅಡಿಕೆಯನ್ನು ಈಗ ಕುಟ್ಟಿ ಹಾಕಿಕೊಳ್ಳುತ್ತಾನೆ. ಮಾತಿನ ನಡುವೆ ಸುಣ್ಣದ ಹಳೆಯ ಡಬ್ಬಿಯೊಂದನ್ನು ತೆಗೆದು ತೋರಿಸಿದ. ಒಳಗೆ ಆ 47. ಬೇರು ಎರಡು ಕಾಲೂರಿ ನಿಂತಂತೆ ಗಟ್ಟಿಯಾಗಿ, ಮೈಮೇಲೆ ಕವಳದ ಕಂದು ಬಿಟ್ಟರೆ ಒಂದು ಚುಕ್ಕೆ ಹುಳುಕಿಲ್ಲದ ಹಲ್ಲು. ಸುತ್ತಿದ್ದು ಆ ವರ್ಷದ ಚಾಲಿ ಪಟ್ಟಿಯ ಕಾರ್ಬನ್ ಪ್ರತಿಯಲ್ಲಿ.

'ಭಾವಾ, ಇದೇ ಸಾಕ್ಷಿ. ಕ್ಲಿನಿಕ್ಕಿಗೆ ಒಂದು ಕಾಗದ ಬರೆದು ನಿನ್ನ ದಾಖಲೆ ಕೇಳು. ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ಚೀಟಿ ಇಟ್ಟುಕೋ. ಎರಡು ವರ್ಷದೊಳಗೆ ದೂರು ಹಾಕಬೇಕು, ಆಮೇಲೆ ಹೋದರೆ ತಡವಾದದ್ದು ಯಾಕೆಂದು ಬಲವಾದ ಕಾರಣ ಕೊಡಬೇಕು' ಎಂದೆ.

ಎರಡು ವರ್ಷ ಎಂದರೆ ಶಿರಸಿ ಸೀಮೆಯವರಿಗೆ ಲೆಕ್ಕ ಸುಲಭ. ಮಾರಿಕಾಂಬೆಯ ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆ. ಭಾವ ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದ. ಬೆರಳಲ್ಲಿ ಎಣಿಸಿದ. ಕೊನೆಯ ದಿನ ಜಾತ್ರೆಯ ಗದ್ದಲದ ನಡುವೆಯೇ ಬೀಳುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಹಲ್ಲನ್ನು ಪಟ್ಟಿಯಲ್ಲಿ ಸುತ್ತಿ, ಡಬ್ಬಿಯ ಮುಚ್ಚಳ ಹಾಕಿ, ಮರದ ಪೆಟ್ಟಿಗೆಯಲ್ಲಿ ಬೆಟ್ಟದ ದಾವೆಯ ಗಂಟಿನ ಪಕ್ಕ ಇಟ್ಟ.

'ನೆಂಟರೆಲ್ಲ ಬತ್ತ ತಮಾ. ಜಾತ್ರೆ ಒಂದು ಮುಗಿಲಿ, ಆಮೇಲೆ ನೋಡನ.'